ಡಿಸ್ಪೋಸಲ್ ಜೀಪಿನ ಟಾಪೂ ಈಶಾನ್ಯ ಮೂಲೆಯೂ

ಸೋರಿದರೆ ರಬ್ಬರ್ ಹಾಕಿದವರ ತಪ್ಪು. ಜೀಪಿಗೆ ಟಾಪ್ ಕೂರಿಸುವ ಯಾವ ಶೆಡ್ಡಿಗೆ ಬೇಕಾದರೂ ಹೋಗಿ ಕೇಳಿ, ಇದನ್ನೇ ಹೇಳುತ್ತಾರೆ. ತಗಡು ಬಗ್ಗಿಸಿದವನ ತಪ್ಪಲ್ಲ, ವೆಲ್ಡಿಂಗ್ ಮಾಡಿದವನ ತಪ್ಪಲ್ಲ. ಅಳತೆ ತೆಗೆದವರ ತಪ್ಪಂತೂ ಅಲ್ಲವೇ ಅಲ್ಲ, ಏಕೆಂದರೆ ಅಳತೆ ತೆಗೆದವರು ಓನರ್ರು. ನೀರು ಒಳಗೆ ಬಂದದ್ದು ರಬ್ಬರ್ ಇರುವ ಕಡೆಯಿಂದ, ಕರೆಯಿರಿ ರಬ್ಬರ್ ಹಾಕಿದವರನ್ನು. ನಮ್ಮ ಶೆಡ್ಡಿನಲ್ಲಿ ರಬ್ಬರ್ ಹಾಕುತ್ತಿದ್ದವಳು ನಾನು.

ನನ್ನ ಮೊಮ್ಮಗಳು ಐಟಿಐ ಮುಗಿಸಿ ಯಲಹಂಕದಲ್ಲಿ ಒಂದು ಬಾಡಿ ವರ್ಕ್ಸಿಗೆ ಸೇರಿದ್ದಾಳೆ. ಅವಳ ಜೊತೆ ಸೇರಿದ ಹುಡುಗ ಹುಡುಗಿಯರು ಮನೆಗೆ ಬಂದಾಗ, "ಅಜ್ಜಿ, ನೀವಿದ್ದಾಗ ಕೆಲ್ಸ ಹೆಂಗಿತ್ತು?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಫೋನ್ ತೆಗೆಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಇಲ್ಲೇ ಪಕ್ಕದ ಸಿಂಗಾಪುರ ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ವಿಷಯವನ್ನು ತಿದ್ದಬೇಡಿ.

ಮಿಲಿಟರಿಯವರು ಓಡಿಸಿ ಸಾಕಾಗಿ ಹರಾಜು ಹಾಕುವ ಗಾಡಿಗಳಿಗೆ ನಮ್ಮ ಕಡೆ ಡಿಸ್ಪೋಸಲ್ ಗಾಡಿ ಎನ್ನುತ್ತಾರೆ. ಹರಾಜಿನಲ್ಲಿ ಕೊಂಡವರು ಅದನ್ನು ಲಾರಿಯಲ್ಲಿ ಹೇರಿಕೊಂಡೋ ಹಗ್ಗ ಕಟ್ಟಿ ಎಳೆದುಕೊಂಡೋ ನಮ್ಮಲ್ಲಿಗೆ ತರುತ್ತಿದ್ದರು. ನಮ್ಮ ಶೆಡ್ಡು ಕೊಡಿಗೇಹಳ್ಳಿಯಲ್ಲಿ, ರೈಲ್ವೆ ಗೇಟಿನಿಂದ ಸ್ವಲ್ಪ ಒಳಗೆ. ಬರುವಾಗ ಜೀಪಿಗೆ ಸರಿಯಾದ ತಲೆ ಇರುತ್ತಿರಲಿಲ್ಲ. ಕಬ್ಬಿಣದ ಕಮಾನುಗಳ ಮೇಲೆ ಹರಿದ ಹಸಿರು ಕ್ಯಾನ್ವಾಸು, ಅದರೊಳಗೆ ಇಲಿ ಗೂಡು. ನಾನು ಕೆಲಸಕ್ಕೆ ಸೇರಿದ್ದು ಆ ಕ್ಯಾನ್ವಾಸು ಹೊಲಿಯುವುದಕ್ಕೆ. ದಪ್ಪ ಸೂಜಿ, ಮೇಣ ಹಚ್ಚಿದ ದಾರ, ಕಾಲಿನ ಮೆಶೀನು. ಬೆರಳು ಚುಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಗಂಡ ಇದ್ದ, ಹೋದ. ಮಕ್ಕಳು ಇದ್ದರು, ಹೊಟ್ಟೆಗೆ ಹಾಕಬೇಕಿತ್ತು. ಅದರ ಮೇಲೆ ಕಥೆ ಕಟ್ಟುವುದು ನನಗೆ ಬೇಡ.

ಓನರ್ರ ಹೆಸರು ವೆಂಕಟೇಶಪ್ಪ. ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ಕೊಡಿಸುತ್ತಿದ್ದರು, ಜ್ವರ ಬಂದರೆ ಮನೆಗೆ ಕಳಿಸುತ್ತಿದ್ದರು. ಆದರೆ ಅವರ ಬಾಯಿಂದ "ನನ್ನದು ತಪ್ಪಾಯ್ತು" ಎಂಬ ಮಾತನ್ನು ಅವರ ಹೆಂಡತಿ ಕೂಡ ಕೇಳಿರಲಾರಳು. ಕೆಟ್ಟ ಓನರ್ರ ಹತ್ತಿರವಾದರೆ ಜಗಳ ಮಾಡಿ ಹೋಗಬಹುದು. ಇಂಥವರ ಹತ್ತಿರ ಇದ್ದು ಸಾಯಬೇಕು.

ಕ್ಯಾನ್ವಾಸು ಹೋಗಿ ತಗಡಿನ ಟಾಪ್ ಬಂತು. ಜನಕ್ಕೆ ಕಿಟಕಿ ಬೇಕಾಯಿತು, ಗಾಜು ಬೇಕಾಯಿತು, ಮಳೆಯಲ್ಲಿ ಕಾರಿನಲ್ಲಿ ಕೂತ ಹಾಗೆ ಕೂರಬೇಕಾಯಿತು. ಕಾರೇ ತಗೋಬಹುದಿತ್ತಲ್ಲ ಎಂದರೆ, ಕಾರು ಎಲ್ಲರ ಹತ್ತಿರ ಇದೆಯಂತೆ. ಹೊಲಿಗೆ ಮೆಶೀನನ್ನು ಮೂಲೆಗೆ ತಳ್ಳಿದರು. "ಲಕ್ಕಮ್ಮ, ನೀನಿನ್ನು ರಬ್ಬರ್ ನೋಡ್ಕೋ" ಅಂದರು. ಟಾಪು ಬಾಡಿಯ ಮೇಲೆ ಕೂರುವ ಕಡೆ ಸುತ್ತಲೂ ರಬ್ಬರ್ ಪಟ್ಟಿ ಅಂಟಿಸಬೇಕು. ಅದಕ್ಕೆ ಬೀಡಿಂಗ್ ಎನ್ನುತ್ತಾರೆ. ಮುಂದಿನ ಗಾಜಿನ ಫ್ರೇಮಿನ ಮೇಲೆ ಒಂದು ಸಾಲು, ಎರಡು ಪಕ್ಕಕ್ಕೆ, ಹಿಂದಕ್ಕೆ. ರಬ್ಬರನ್ನು ಎಳೆದು ಅಂಟಿಸಬಾರದು. ಎಳೆದರೆ ಬಿಸಿಲಿಗೆ ತನ್ನ ಅಳತೆಗೆ ವಾಪಸು ಹೋಗುತ್ತದೆ, ತುದಿಯಲ್ಲಿ ಸಂದಿ ಬೀಳುತ್ತದೆ. ತಳ್ಳಿ ತಳ್ಳಿ ಅಂಟಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಒಂದಷ್ಟು ಗಾಡಿ ಹಾಳು ಮಾಡಿ ಕಲಿತೆ. ಎಲ್ಲರೂ ಹಾಗೇ ಕಲಿಯುವುದು.

ಟಿಂಕರ್ ಕೆಲಸಕ್ಕೆ ಗದಗದ ಕಡೆಯ ಶಿವಪ್ಪ ಇದ್ದ. ತಗಡು ಬಗ್ಗಿಸುವುದು, ವೆಲ್ಡಿಂಗ್ ಮಾಡುವುದು ಅವನೇ. ನನಗಿಂತ ಚಿಕ್ಕವನು, ಅಕ್ಕಾರ ಎನ್ನುತ್ತಿದ್ದ. ಶಿವಪ್ಪ ತಗಡಿಗೆ ಬಡಿಯುವಾಗ ಹಾಡುತ್ತಿದ್ದ. ಹಾಡು ನಿಂತಿತು ಎಂದರೆ ಏನೋ ಎಡವಟ್ಟಾಗಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ಒಂದು ಸಲ ಹೀಗೇ ಹಾಡು ನಿಂತಿತು. ಆರ್.ಟಿ. ನಗರದ ಗಿರಾಕಿ ಒಬ್ಬರು ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಆಳು. ಟಾಪು ಎತ್ತರಕ್ಕೆ ಇರಲಿ ಎಂದರು. ಓನರ್ರು ಅವರನ್ನು ಸೀಟಿನಲ್ಲಿ ಕೂರಿಸಿ, ತಲೆಯ ಮೇಲೆ ಒಂದು ಗೇಣು ಬಿಟ್ಟು ಅಳತೆ ತೆಗೆದರು. ಟಾಪು ಆಯಿತು, ಬಣ್ಣ ಆಯಿತು, ನಿಂಬೆಹಣ್ಣು ಇಟ್ಟು ಪೂಜೆ ಆಯಿತು. ಗಾಡಿ ಆಚೆ ತೆಗೆಯಲು ಹೋದರೆ ಟಾಪು ಶಟರಿಗೆ ತಗಲಿತು. ಗಾಡಿ ಒಳಗೆ ಬಂದಾಗ ಅದಕ್ಕೆ ತಲೆ ಇರಲಿಲ್ಲವಲ್ಲ, ಆ ಯೋಚನೆ ಯಾರಿಗೂ ಬಂದಿರಲಿಲ್ಲ. ಗಿರಾಕಿ ಬಾಗಿಲಲ್ಲೇ ನಿಂತಿದ್ದಾರೆ, ಕೈಯಲ್ಲಿ ಸ್ವೀಟ್ ಬಾಕ್ಸು.

ಓನರ್ರು ಶಟರ್ ನೋಡಿದರು, ಟಾಪ್ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಲಕ್ಕಮ್ಮ, ರಬ್ಬರ್ ದಪ್ಪದ್ದು ಹಾಕ್ಬಿಟ್ಟಿದ್ದೀಯ ಕಣೆ."

ರಬ್ಬರು ಬೆರಳಿನ ಉಗುರಿನಷ್ಟು ದಪ್ಪ. ಟಾಪು ಶಟರಿಗಿಂತ ಅಂಗೈ ಅಗಲ ಎತ್ತರ.

"ಸ್ವಾಮಿ, ಆ ರಬ್ಬರ್ ಕಿತ್ತು ಹಾಕಿದ್ರೂ ಇದು ಹೋಗಲ್ಲ. ಕಣ್ ಕಾಣ್ಸಲ್ವಾ?" ಅಂದೆ.

"ನೋಡ್ರೀ, ಹೆಂಗ್ ಮಾತಾಡ್ತಾಳೆ" ಎಂದು ಗಿರಾಕಿಗೆ ಹೇಳಿ ನಕ್ಕರು. ಗಿರಾಕಿಯೂ ನಕ್ಕರು. ಶಿವಪ್ಪ ನಾಲ್ಕು ಟಯರಿನ ಗಾಳಿ ಬಿಟ್ಟು, ಜೀಪನ್ನು ತಳ್ಳಿಸಿ, ಟಾಪಿನ ಬಣ್ಣ ಕೆರೆಸಿಕೊಂಡು ಹೇಗೋ ಆಚೆಗೆ ತಂದ. ಆಮೇಲೆ ಎಷ್ಟೋ ದಿನ ಬಂದು ಹೋಗುವವರಿಗೆಲ್ಲ ಓನರ್ರು ಈ ಕಥೆ ಹೇಳುತ್ತಿದ್ದರು. ಅವರು ಹೇಳುವ ಕಥೆಯಲ್ಲಿ ದಪ್ಪ ರಬ್ಬರ್ ಇರುತ್ತಿತ್ತು, ಅಳತೆ ಇರುತ್ತಿರಲಿಲ್ಲ. ನಾನು ಟೀ ಲೋಟ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಅದು ನಗುವ ವಿಷಯ, ಹೋಗಲಿ. ಮುಂದಿನದು ನಗುವ ವಿಷಯವಲ್ಲ.

ತಗಡಿನ ಟಾಪ್ ಕೆಲಸ ಶುರುವಾದ ಹೊತ್ತಿಗೇ ಶೆಡ್ಡನ್ನೂ ದೊಡ್ಡದು ಮಾಡಿ ಹೊಸ ನೆಲ ಹಾಕಿಸಿದ್ದರು. ವಾಸ್ತು ಹೇಳುವವರು ಒಬ್ಬರು ಬಂದು, ಈಶಾನ್ಯ ಮೂಲೆ ತಗ್ಗಾಗಿರಬೇಕು, ಶೆಡ್ಡಿನ ನೀರೆಲ್ಲ ಆ ಕಡೆ ಹರಿಯಬೇಕು ಎಂದರು. ಓನರ್ರು ನೆಲವನ್ನೆಲ್ಲ ಮಟ್ಟವಾಗಿ ಹಾಕಿಸಿ ಆ ಒಂದು ಮೂಲೆಯನ್ನು ಮಾತ್ರ ತಟ್ಟೆಯ ಹಾಗೆ ಇಳಿಸಿದರು. ನೆಲ ತೊಳೆದರೆ ನೀರು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಬಂದವರಿಗೆಲ್ಲ ಒಂದು ಚೊಂಬು ನೀರು ಚೆಲ್ಲಿ ತೋರಿಸುತ್ತಿದ್ದರು. ಅದೇ ವರ್ಷ ಅವರ ಮಗಳಿಗೆ ಮಗು ಆಯಿತು, ಶೆಡ್ಡಿಗೆ ಗಾಡಿಗಳೂ ಸಾಲುಗಟ್ಟಿ ಬಂದವು. ಎಲ್ಲ ಈಶಾನ್ಯದ ಕೃಪೆ. ಮಗಳ ಬಸಿರು ನೆಲ ಹಾಕುವ ಮುಂಚೆಯದು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ, ಸಂತೋಷದ ಸಮಯ.

ಟಾಪು ಎತ್ತುವ ಚೈನು ರಾಟೆ ಇದ್ದದ್ದು ಶೆಡ್ಡಿನ ಹಿಂಭಾಗದಲ್ಲಿ. ಗಾಡಿ ಮೂತಿ ಪೂರ್ವಕ್ಕೆ ಮಾಡಿ ರಾಟೆಯ ಕೆಳಗೆ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದರೆ ಮುಂದಿನ ಎಡಗಡೆ ಚಕ್ರ ಸರಿಯಾಗಿ ಈಶಾನ್ಯದ ತಗ್ಗಿನಲ್ಲಿ ಇಳಿಯುತ್ತಿತ್ತು. ಎಲ್ಲರೂ ದಿನಾ ನೋಡುತ್ತಿದ್ದೆವು. ಯಾರೂ ಏನೂ ಅಂದುಕೊಳ್ಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ಚಕ್ರ ದೇವಮೂಲೆಯಲ್ಲಿ ನಿಂತರೆ ಒಳ್ಳೆಯದೇ ಎಂದು ಓನರ್ರು ಹೇಳುತ್ತಿದ್ದರು.

ಸೋರುವುದು ಶುರುವಾಯಿತು.

ಕೆಲಸ ಮುಗಿದ ಮೇಲೆ ನೀರು ಹಾಕಿ ನೋಡುತ್ತಿದ್ದೆವು. ನಾನು ಗಾಡಿಯೊಳಗೆ ಕೂರುವುದು, ಶಿವಪ್ಪ ಮೇಲಿನಿಂದ ಪೈಪಿನಲ್ಲಿ ನೀರು ಬಿಡುವುದು. ಒಂದು ಹನಿ ಬರುತ್ತಿರಲಿಲ್ಲ. ನಾನು ಒಣಗಿದ ಸೀರೆಯಲ್ಲಿ ಇಳಿಯುತ್ತಿದ್ದೆ. ಗಾಡಿ ಹೋಗುತ್ತಿತ್ತು. ಮೊದಲ ಮಳೆಗೆ ಗಿರಾಕಿ ವಾಪಸು ಬರುತ್ತಿದ್ದರು. ಯಾವಾಗಲೂ ಒಂದೇ ದೂರು. ಡ್ರೈವರ್ ತಲೆಯ ಮೇಲೆ ಸೋರುತ್ತದೆ, ಹಿಂದೆ ಎಡಗಡೆ ಸೀಟಿನ ಮೇಲೆ ಸೋರುತ್ತದೆ. ನಾನು ರಬ್ಬರ್ ಕಿತ್ತು ಮತ್ತೆ ಹಾಕುತ್ತಿದ್ದೆ. ಮತ್ತೆ ನೀರು ಹಾಕಿದರೆ ಒಂದು ಹನಿ ಇಲ್ಲ. ಮತ್ತೆ ಮಳೆ ಬಂದರೆ ಅದೇ ಕಥೆ.

ಸಂಜಯನಗರದ ಒಬ್ಬ ಯಜಮಾನರು, ಬ್ಯಾಂಕಿನಿಂದ ರಿಟೈರ್ ಆದವರು, ತಮ್ಮ ಡಿಸ್ಪೋಸಲ್ ಜೀಪಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮದುವೆಗೆ ಹೊರಟಿದ್ದರು. ಹೆಬ್ಬಾಳದ ಫ್ಲೈಓವರ್ ಮೇಲೆ ಜಾಮು, ಮೇಲಿನಿಂದ ಮಳೆ. ಆ ಅಮ್ಮ ಹಿಂದೆ ಎಡಗಡೆ ಕೂತಿದ್ದರು. ಮದುವೆ ಮನೆಗೆ ಹೋಗದೆ ಸೀದಾ ನಮ್ಮ ಶೆಡ್ಡಿಗೆ ಬಂದರು. ರೇಷ್ಮೆ ಸೀರೆಯ ಒಂದು ಭುಜ ಪೂರ್ತಿ ನೆನೆದು ಬಣ್ಣ ಬಿಟ್ಟು ರವಿಕೆಗೆ ಇಳಿದಿತ್ತು.

"ಯಾರಮ್ಮಾ ರಬ್ಬರ್ ಹಾಕಿದ್ದು?"

"ನಾನೇ."

"ಹೆಂಗಸಾಗಿ ಇನ್ನೊಬ್ಬ ಹೆಂಗಸಿನ ಸೀರೆ ಹಾಳ್ ಮಾಡಿದ್ಯಲ್ಲಮ್ಮಾ."

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ಬಿಡೇ, ಪಾಪ, ಓದು ಬರಹ ಇಲ್ದೋರು" ಎಂದರು. ಬೈದದ್ದು ನನಗೆ ಅಷ್ಟು ನೋಯಲಿಲ್ಲ, ಈ ಪಾಪ ಅನ್ನುವ ಮಾತಿಗೆ ಮೈ ಉರಿಯಿತು. ರಬ್ಬರು ಹಾಕುವುದಕ್ಕೆ ಓದು ಯಾಕೆ? ಓನರ್ರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. "ಬೇರೆಯವ್ರನ್ನ ಹಾಕ್ತೀನಿ ಸಾರ್, ವಯಸ್ಸಾಯ್ತು ಅವ್ಳಿಗೆ" ಎಂದರು. ಅವರಿಗೂ ನನಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ.

ಆವತ್ತಿನಿಂದ ನನ್ನ ಹೆಸರು ಸೋರಮ್ಮ ಆಯಿತು. ಪೇಂಟ್ ಹೊಡೆಯುವವರು ತಮಾಷೆಗೆ ಇಟ್ಟರು. ಅದು ಶೆಡ್ಡಿನ ಗೋಡೆ ದಾಟಿ ಹೋಯಿತು. ಯಶವಂತಪುರದಲ್ಲಿ ನಾವು ರಬ್ಬರ್ ತರುತ್ತಿದ್ದ ಅಂಗಡಿಯವನು, "ಬನ್ನಿ ಸೋರಮ್ಮ, ನಿಮ್ಗೆ ಅಂತ ಬೇರೆ ಕ್ವಾಲಿಟಿ ಇಟ್ಟಿದ್ದೀನಿ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇಲ್ಲಿ ಸಾಕು ಎಂದು ಹೆಬ್ಬಾಳದ ಹತ್ತಿರ ಇನ್ನೊಂದು ಶೆಡ್ಡಿಗೆ ಕೆಲಸ ಕೇಳಲು ಹೋದೆ. ಅಲ್ಲಿಯ ಓನರ್ರು ಹೆಸರು ಕೇಳಿದರು, ಎಲ್ಲಿದ್ದೆ ಎಂದು ಕೇಳಿದರು. ಆಮೇಲೆ, "ನಮ್ಮಲ್ಲಿ ಗಾಡಿ ಸೋರಲ್ಲಮ್ಮ, ಹಂಗೇ ಇರ್ಲಿ ಬಿಡಿ" ಎಂದು ಕೈ ಮುಗಿದರು.

ಈಗಿನವರಿಗೆ ಸರ್ಟಿಫಿಕೇಟು ಇದೆ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ತೋರಿಸಬಹುದು. ನನ್ನಂಥವರಿಗೆ ಇದ್ದದ್ದು ಹೆಸರು ಒಂದೇ. "ಲಕ್ಕಮ್ಮನ ಕೈ" ಎಂದು ನಾಲ್ಕು ಜನ ಅಂದರೆ ಐದನೆಯವರು ಕೆಲಸ ಕೊಡುತ್ತಿದ್ದರು. ಆ ಹೆಸರು ಹೋದರೆ ಮನೆ ಕೆಲಸಕ್ಕೆ ಹೋಗಬೇಕಿತ್ತು. ಮನೆ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಆದರೆ ನಾನು ಕಲಿತದ್ದು ಇದನ್ನು.

ಆ ವರ್ಷ ಆಯುಧ ಪೂಜೆಗೆ ಶೆಡ್ಡಿನ ಒಳಗೆಲ್ಲ ಸುಣ್ಣ ಬಣ್ಣ ಹೊಡೆಯುತ್ತಿದ್ದರು. ಒಂದು ಜೀಪು ಅರ್ಜೆಂಟಿತ್ತು. ಒಳಗೆ ಜಾಗವಿಲ್ಲದೆ ಅದನ್ನು ಶೆಡ್ಡಿನ ಮುಂದೆ ರೋಡಿನಲ್ಲೇ ನಿಲ್ಲಿಸಿ, ಟಾಪನ್ನು ಕೈಯಲ್ಲೇ ಎತ್ತಿ ಕೂರಿಸಿದೆವು. ಅದೇ ರಬ್ಬರು, ಅದೇ ಗಮ್ಮು, ಅದೇ ನನ್ನ ಕೈ. ಮಳೆ ಬಂತು, ಹೋಯಿತು. ಆ ಗಿರಾಕಿ ಬರಲಿಲ್ಲ. ಮತ್ತೆ ಮಳೆ ಬಂತು. ಬರಲಿಲ್ಲ. ಆಮೇಲೆ ಒಂದು ದಿನ ಬಂದರು. ಸೋರಿದ ದೂರೇ ಎಂದುಕೊಂಡೆ. ಬಂದವರು ಹಾರ್ನ್ ಸರಿ ಮಾಡಿಸಿಕೊಂಡು ಹೊರಟರು. ನಾನೇ ಹಿಂದೆ ಓಡಿ, "ಸೋರ್ತಾ ಇದ್ಯಾ ಸ್ವಾಮಿ?" ಎಂದು ಕೇಳಿದೆ.

"ಇಲ್ವಲ್ಲಮ್ಮ. ಸೋರ್ಬೇಕಿತ್ತಾ?" ಎಂದರು.

ಸೀದಾ ಒಳಗೆ ಹೋದೆ. ಶಿವಪ್ಪನಿಗೆ ಹೇಳಿದೆ. ಅವನು ಬೀಡಿ ಆರಿಸಿ ಎದ್ದು ಬಂದ. ಒಳಗೆ ರಾಟೆಯ ಕೆಳಗೆ ಒಂದು ಜೀಪಿತ್ತು. ಟಾಪು ಕೂತಿತ್ತು, ಬೋಲ್ಟು ಇನ್ನೂ ಬಿಗಿದಿರಲಿಲ್ಲ. ಸುತ್ತ ಬೆರಳಾಡಿಸಿದೆವು. ಎಲ್ಲೂ ಸಂದಿ ಇಲ್ಲ, ಮುಚ್ಚಳ ಹಾಕಿದ ಹಾಗೆ ಕೂತಿತ್ತು. ಗಾಡಿಯನ್ನು ಹಾಗೇ ತಳ್ಳಿಕೊಂಡು ಆಚೆ ರೋಡಿಗೆ ತಂದೆವು. ಎಡಗಡೆ ಚಕ್ರ ತಗ್ಗಿನಿಂದ ಮೇಲೆ ಬಂದಾಗ ಟಾಪು ಕಿರ್ ಎಂದಿತು. ರೋಡಿನಲ್ಲಿ ನಿಲ್ಲಿಸಿ ನೋಡಿದರೆ ಡ್ರೈವರ್ ಕಡೆ ಮುಂದಿನ ಮೂಲೆಯಲ್ಲಿ ನನ್ನ ಕಿರುಬೆರಳು ಹೋಗುವಷ್ಟು ಸಂದಿ. ಹಿಂದೆ ಎಡಗಡೆ ಹೋದೆ. ಅಲ್ಲೂ ಅಷ್ಟೇ.

ಶಿವಪ್ಪ ಕೆಳಗೆ ಕೂತು ಚಾಸಿ ನೋಡಿದ. "ಅಕ್ಕಾರ, ಒಂದ್ ಗಾಲಿ ತಗ್ಗಿನ್ಯಾಗ ನಿಂತ್ರ ಬಾಡಿ ತಿರುಚಿಕೊಂತೈತ್ರಿ. ತಿರುಚಿದ್ ಬಾಡಿಗೆ ನಾವು ಟಾಪ್ ಕುಂದ್ರಸಾಕತ್ತೀವಿ. ಗಾಡಿ ಸಪಾಟ ನಿಂತ ಕೂಡ್ಲೆ ಟಾಪ್ ಬ್ಯಾರೆ, ಬಾಡಿ ಬ್ಯಾರೆ."

"ಅಂದ್ರೆ ಬೋಲ್ಟ್ ಬಿಗಿದ್ರೂ ಕೂರಲ್ವಾ?"

"ಬೋಲ್ಟ್ ಎಟ್ಟು ಎಳಿತೈತ್ರಿ? ಒಂದ್ ಕೂದ್ಲ ಸಂದಿ ಉಳದ್ರೂ ನೀರಿಗೆ ಸಾಕು."

ನಾವು ನೀರು ಹಾಕಿ ನೋಡುತ್ತಿದ್ದದ್ದು ಅದೇ ತಗ್ಗಿನಲ್ಲಿ ನಿಲ್ಲಿಸಿಕೊಂಡು. ಅಲ್ಲಿ ಹೇಗೆ ಸೋರುತ್ತದೆ? ಕ್ಯಾನ್ವಾಸು ಇದ್ದಾಗ ಈ ತೊಂದರೆ ಇರಲಿಲ್ಲ, ಬಟ್ಟೆ ಎಳೆದ ಕಡೆ ಬರುತ್ತದೆ. ತಗಡು ಬರುವುದಿಲ್ಲ. ಇಷ್ಟು ದಿನ ನಾನು ಕಿತ್ತು ಹಾಕಿದ ರಬ್ಬರು, ಕೇಳಿದ ಮಾತು, ಸೀರೆ ನೆನೆದ ಆ ಅಮ್ಮನ ಮುಂದೆ ತಲೆ ಬಗ್ಗಿಸಿ ನಿಂತದ್ದು, ಎಲ್ಲ ಒಂದು ಮೂಲೆಯ ನೆಲಕ್ಕಾಗಿ.

ಓನರ್ರನ್ನು ಕರೆದು ತೋರಿಸಿದೆ. ಅವರು ಸಂದಿಯಲ್ಲಿ ಬೆರಳಿಟ್ಟು ನೋಡಿದರು. ಒಳಗೆ ಹೋಗಿ ಮೂಲೆ ನೋಡಿ ಬಂದರು. ಸೊಂಟದ ಮೇಲೆ ಕೈ ಇಟ್ಟುಕೊಂಡು ಆ ತುದಿಯಿಂದ ಈ ತುದಿಗೆ ರೋಡು ನೋಡಿದರು.

"ರೋಡ್ ವಾಲಿದೆ" ಎಂದರು.

"ಏನಂದ್ರಿ ಸ್ವಾಮಿ?"

"ನಮ್ಮ ನೆಲ ಶಾಸ್ತ್ರ ಪ್ರಕಾರ ಹಾಕ್ಸಿರೋದು. ಈ ರೋಡ್ ಹಾಕ್ದೋರು ಏನ್ ಶಾಸ್ತ್ರ ನೋಡಿರ್ತಾರೆ? ರೋಡೇ ವಾಲಿದೆ."

"ಈ ರೋಡ್ ವಾಲಿದ್ರೆ ಸಂಜಯನಗರದ ರೋಡೂ ವಾಲಿದ್ಯಾ? ಹೆಬ್ಬಾಳದ ಫ್ಲೈಓವರೂ ವಾಲಿದ್ಯಾ? ಇಡೀ ಬೆಂಗಳೂರು ವಾಲ್ಕೊಂಡು ನಿಮ್ ಶೆಡ್ ಒಂದೇ ನೆಟ್ಟಗಿದ್ಯಾ?"

ಶಿವಪ್ಪ ಆಚೆ ಮುಖ ಮಾಡಿ ನಕ್ಕ. ಅದೇ ತಪ್ಪಾಯಿತು. ನಾನು ಬೈದರೆ ಅವರು ಸಹಿಸುತ್ತಿದ್ದರು. ಇನ್ನೊಬ್ಬರು ನಕ್ಕರೆ ಸಹಿಸುತ್ತಿರಲಿಲ್ಲ.

"ಈಶಾನ್ಯದ ಮೇಲೆ ನಾಲ್ಗೆ ಚಾಚ್ಬೇಡ ಲಕ್ಕಮ್ಮ. ಆ ಮೂಲೆಯಿಂದ್ಲೇ ನಿನ್ ಮನೆ ಒಲೆ ಉರೀತಿರೋದು. ನಾಳೆಯಿಂದ ನೀನು ತುಕ್ಕು ಕೆರಿ. ರಬ್ಬರಿಗೆ ಬೇರೆಯವ್ರು ಬರ್ತಾರೆ."

ನನಗೂ ದೇವರಿದ್ದಾನೆ. ನಾನೂ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚುವವಳು. ಆದರೆ ಯಾವ ದೇವರೂ ಜೀಪಿನ ಚಕ್ರವನ್ನು ಗುಂಡಿಗೆ ಇಳಿಸಿ ಅಳತೆ ತೆಗಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ತುಕ್ಕು ಕೆರೆಯುವುದೆಂದರೆ ಗಾಡಿಯ ಕೆಳಗೆ ಗೋಣಿ ಹಾಸಿಕೊಂಡು ಮಲಗಿ ಕಬ್ಬಿಣದ ಬ್ರಷ್ಷಿನಲ್ಲಿ ಚಾಸಿ ಉಜ್ಜುವುದು. ಕಣ್ಣಿಗೆ, ಬಾಯಿಗೆ ಕೆಂಪು ಪುಡಿ ಬೀಳುತ್ತದೆ. ಮನೆಗೆ ಹೋಗಿ ಕೆಮ್ಮಿದರೆ ಅದೇ ಬಣ್ಣ. ಆ ವಯಸ್ಸಿನಲ್ಲಿ ಅದನ್ನು ಮಾಡಿದೆ. ಹೆಬ್ಬಾಳದಲ್ಲಿ ಕೈ ಮುಗಿದು ಕಳಿಸಿದ್ದರಲ್ಲ, ಇನ್ನೆಲ್ಲಿ ಹೋಗಲಿ?

ರಬ್ಬರಿಗೆ ಸತೀಶ ಬಂದ. ದೊಡ್ಡ ಕಾರು ಕಂಪನಿಯಲ್ಲಿ ಇದ್ದವನಂತೆ. ಕಾಲರಿನ ಅಂಗಿ, ಕೈಗೆ ಗ್ಲೌಸು, ಗನ್ನಿನ ಹಾಗೆ ಅದುಮಿ ಸಂದಿ ತುಂಬುವ ಸೀಲೆಂಟು. ಓನರ್ರು ಅವನಿಗೆ ಕುರ್ಚಿ ಹಾಕಿಸಿದರು. ನಾನು ಅಷ್ಟು ವರ್ಷ ಗಮ್ ಡಬ್ಬದ ಮೇಲೆ ಕೂತು ಕೆಲಸ ಮಾಡಿದವಳು. ಹುಡುಗ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ, ಸುಳ್ಳು ಹೇಳಬಾರದು. ಅವನು ಮಾಡಿದ ಗಾಡಿಯೂ ಸೋರಿತು. ಡ್ರೈವರ್ ತಲೆಯ ಮೇಲೆ, ಹಿಂದೆ ಎಡಗಡೆ. ಗಿರಾಕಿ ಬಂದು ಕೂಗಾಡಿದರು. ನಾನು ಗಾಡಿಯ ಕೆಳಗೆ ಮಲಗಿ ಕಿವಿ ಕೊಟ್ಟೆ, ಈಗ ಏನು ಹೇಳುತ್ತಾರೋ ಎಂದು.

"ಈ ಸಲ ಮಳೆ ಜಾಸ್ತಿ ಸಾರ್" ಎಂದರು ಓನರ್ರು.

ನಾನು ಹಾಕಿದಾಗ ರಬ್ಬರ್ ತಪ್ಪು. ಅವನು ಹಾಕಿದಾಗ ಮೋಡದ ತಪ್ಪು. ಇದನ್ನು ಬರೆಯುವಾಗ ಇವತ್ತಿಗೂ ಪೆನ್ನು ಒತ್ತಿ ಹಾಳೆ ಹರಿಯುತ್ತದೆ.

ಸತೀಶ ಜಾಣ. ಒಂದು ದಿನ ನನ್ನ ಹತ್ತಿರ ಬಂದು, "ಆಂಟಿ, ಇಲ್ಲಿ ಏನೋ ಪ್ರಾಬ್ಲಮ್ ಇದೆ ಅಲ್ವಾ? ನಿಜ ಹೇಳಿ" ಎಂದ. ಮೂಲೆ ತೋರಿಸಿದೆ. ಹೋಗಿ ಓನರ್ರಿಗೆ ಹೇಳಪ್ಪಾ, ನಿನ್ನ ಮಾತು ಕೇಳುತ್ತಾರೆ ಎಂದೆ. ಹೇಳಲಿಲ್ಲ. "ನಂಗ್ಯಾಕೆ ಆಂಟಿ ದೇವ್ರ ವಿಷ್ಯ" ಎಂದು ಯಲಹಂಕದಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೋದ. ಅವನು ಅಲ್ಲಿಗೂ ಒಳ್ಳೆಯ ಹೆಸರು ತೆಗೆದುಕೊಂಡೇ ಹೋದ.

ಮಕ್ಕಳೇ, ಶೆಡ್ಡಿನ ಜಗಳ ಅಂದರೆ ಬೈಗುಳ, ಹೊಡೆದಾಟ ಎಂದುಕೊಳ್ಳಬೇಡಿ. ಹೆಚ್ಚಿನದು ಹೀಗಿರುತ್ತದೆ. ಗೊತ್ತಿದ್ದವರು ಸುಮ್ಮನಿರುತ್ತಾರೆ, ಹೇಳಿದವರು ಗಾಡಿಯ ಕೆಳಗೆ ಹೋಗುತ್ತಾರೆ.

ಸತೀಶ ಹೋದ ಮೇಲೆ ಓನರ್ರೇ ಒಂದು ಡಿಸ್ಪೋಸಲ್ ಜೀಪು ತಂದರು. ಮಾರುವುದಕ್ಕಲ್ಲ, ತಮಗೇ. ಬಹಳ ದಿನದ ಆಸೆ ಅವರಿಗೆ. ಇಂಜಿನ್ನು ಇಳಿಸಿ ಮಾಡಿಸಿದರು, ಸೀಟು ಹೊಸದು ಹಾಕಿಸಿದರು, ನಾನೇ ಚಾಸಿ ಉಜ್ಜಿದೆ. ಶಿವಪ್ಪ ಟಾಪಿಗೆ ತಗಡು ಕತ್ತರಿಸಿ ರೆಡಿ ಮಾಡಿದ. ಕೂರಿಸುವ ದಿನ ಬೆಳಿಗ್ಗೆ ಬಂದು ನೋಡುತ್ತೇನೆ, ಜೀಪು ಶೆಡ್ಡಿನ ಆಚೆ ರೋಡಿನಲ್ಲಿ ನಿಂತಿದೆ. ಶೆಡ್ಡು ಖಾಲಿ. ರಾಟೆ ಸುಮ್ಮನೆ ನೇತಾಡುತ್ತಿದೆ.

"ಲಕ್ಕಮ್ಮ" ಎಂದು ಕರೆದರು. ದನಿ ಮೆತ್ತಗಿತ್ತು. "ಗಮ್ ಡಬ್ಬ ತಗೊಂಡ್ ಬಾ. ಇದಕ್ಕೆ ರಬ್ಬರ್ ನೀನೇ ಹಾಕು."

ನಾನು ಬ್ರಷ್ ಕೆಳಗಿಡಲಿಲ್ಲ. "ಒಳಗ್ ತಗೊಂಡ್ ಬನ್ನಿ, ಹಾಕ್ತೀನಿ."

"ಇಲ್ಲೇ ಹಾಕು. ಒಳಗೆ ಕತ್ಲು."

"ಲೈಟ್ ಹಾಕಿ."

"ಸೆಕೆ ಕಣಮ್ಮ ಒಳಗೆ."

"ಫ್ಯಾನಿದೆ."

ಶಿವಪ್ಪ ಬಡಿಯುವುದನ್ನು ನಿಲ್ಲಿಸಿದ. ಪೇಂಟಿನವರು ಬಾಗಿಲಿಗೆ ಬಂದು ನಿಂತರು. ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಈ ಕಡೆ ತಿರುಗಿದರು.

"ಟಾಪ್ ಭಾರ ಇದೆ ಸ್ವಾಮಿ, ರಾಟೆ ಇರೋದು ಒಳಗೆ. ಮೂತಿ ಪೂರ್ವಕ್ಕಿರುತ್ತೆ, ಚಕ್ರ ದೇವಮೂಲೇಲಿರುತ್ತೆ. ಎಲ್ರ ಗಾಡಿನೂ ಅಲ್ಲೇ ಹಾಕಿದ್ದೀವಿ. ನಿಮ್ಮ ಗಾಡಿ ಮಾತ್ರ ಯಾಕೆ ರೋಡಲ್ಲಿ? ಈ ರೋಡು ವಾಲಿದೆ ಅಂತ ನೀವೇ ಹೇಳಿದ್ರಿ."

ಅವರು ಸುತ್ತ ನೋಡಿದರು. ಶಿವಪ್ಪನನ್ನು ನೋಡಿದರು. ಶಿವಪ್ಪ ಸುತ್ತಿಗೆ ನೋಡಿಕೊಂಡ.

"ನಿಂಗೇನ್ ಬೇಕೀಗ?"

"ಏನೂ ಬೇಡ. ಯಾಕೆ ಆಚೆ ನಿಲ್ಸಿದ್ದೀರಿ ಅಂತ ಹೇಳಿ, ಸಾಕು. ಇವ್ರಿಗೂ ಕೇಳ್ಸೋ ಹಂಗೆ."

"ನೆಲ ವಾಲಿದೆ!" ಎಂದು ಕಿರುಚಿದರು. "ಆ ಮೂಲೆ ತಗ್ಗಿದೆ, ಗಾಡಿ ತಿರುಚ್ಕೊಳುತ್ತೆ, ಅದಕ್ಕೇ ಸೋರುತ್ತೆ. ಆಯ್ತಾ? ಸಮಾಧಾನ ಆಯ್ತಾ?"

"ರಬ್ಬರ್?"

"ರಬ್ಬರ್ ಸರಿ ಇತ್ತು."

ನನಗೆ ಸಮಾಧಾನವೇನೂ ಆಗಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು. ಇದು ಇವರಿಗೆ ನಿನ್ನೆ ಗೊತ್ತಾದದ್ದಲ್ಲ. ಸಂದಿಯಲ್ಲಿ ಬೆರಳಿಟ್ಟ ದಿನವೇ ಗೊತ್ತಾಗಿತ್ತು. ಗೊತ್ತಿದ್ದೇ ನನ್ನನ್ನು ಗಾಡಿಯ ಕೆಳಗೆ ಕಳಿಸಿದ್ದರು. ಗೊತ್ತಿದ್ದೇ ಊರವರ ಗಾಡಿಗಳನ್ನೆಲ್ಲ ಆ ಗುಂಡಿಯಲ್ಲೇ ನಿಲ್ಲಿಸಿದ್ದರು. ತಮ್ಮ ತಲೆಯ ಮೇಲೆ ನೀರು ಬೀಳುತ್ತದೆ ಎಂದಾಗ ಜೀಪು ಆಚೆ ಬಂತು.

ರಬ್ಬರ್ ಹಾಕಿದೆ. ಕೆಲಸದ ಮೇಲೆ ಸಿಟ್ಟು ತೋರಿಸುವುದು ನನ್ನ ಅಭ್ಯಾಸವಲ್ಲ. ಎಳೆಯದೆ, ತಳ್ಳಿ ತಳ್ಳಿ, ಮೂಲೆಗಳಲ್ಲಿ ಓರೆಯಾಗಿ ಕತ್ತರಿಸಿ ಕೂರಿಸಿದೆ. ಆರು ಜನ ಸೇರಿ ಟಾಪು ಎತ್ತಿ ಇಟ್ಟರು, ಶಿವಪ್ಪ ಬೋಲ್ಟು ಬಿಗಿದ. ನೀರು ಹಾಕಿ ನೋಡುವ ಹೊತ್ತಿಗೆ ನಾನು ಒಳಗೆ ಕೂರಲು ಹೋಗಲಿಲ್ಲ. "ನೀವೇ ಕೂತ್ಕೊಳಿ" ಎಂದೆ. ಕೂತರು. ಶಿವಪ್ಪ ಪೈಪು ಹಿಡಿದ. ಬಹಳ ಹೊತ್ತು ಹಿಡಿದ. ಓನರ್ರು ಇಳಿದು ಬಂದು ಅಂಗಿಯ ಭುಜ ಮುಟ್ಟಿ ನೋಡಿಕೊಂಡರು. ಒಣಗಿತ್ತು.

"ಸರಿ ಇದೆ" ಎಂದರು. ಅಷ್ಟೇ. ಆಮೇಲೆ ಪೇಂಟಿನವರ ಕಡೆ ತಿರುಗಿ, "ಆಚೆ ನಿಂತಿರೋ ಗಿರಾಕಿ ಗಾಡಿ ಒಳಗ್ ತಗೊಳ್ರೋ, ರಾಟೆ ಕೆಳಗೆ" ಎಂದರು.

ನಾನು ಗಮ್ ಡಬ್ಬದ ಮುಚ್ಚಳ ಹಾಕುತ್ತಿದ್ದವಳು ಎದ್ದು ಶಟರಿನ ಮಧ್ಯೆ ಹೋಗಿ ನಿಂತೆ.

"ಗಾಡಿ ಒಳಗ್ ಬರಲ್ಲ" ಎಂದೆ.

"ಇನ್ನೇನಮ್ಮ ನಿಂದು?"

"ಆ ಮೂಲೆಗೆ ಸಿಮೆಂಟ್ ಹಾಕ್ಸಿ. ನೆಲ ಮಟ್ಟ ಆದ್ಮೇಲೆ ಗಾಡಿ ಬರ್ಲಿ. ಅಲ್ಲಿವರ್ಗೂ ನಾನೂ ಬರಲ್ಲ, ಶಿವಪ್ಪನೂ ಬರಲ್ಲ." ಶಿವಪ್ಪನನ್ನು ನಾನು ಕೇಳಿರಲಿಲ್ಲ. ಅವನು ಎದ್ದು ಬಂದು ನನ್ನ ಪಕ್ಕ ನಿಂತ.

ಓನರ್ರ ಮುಖ ಸಣ್ಣದಾಯಿತು. ಅಷ್ಟು ವರ್ಷದಲ್ಲಿ ಅವರನ್ನು ನಾನು ಹಾಗೆ ನೋಡಿರಲಿಲ್ಲ. ಗುಂಡಿ ಮುಚ್ಚುವುದಕ್ಕೆ ಆ ಮನುಷ್ಯ ನಿಜವಾಗಿ ಹೆದರಿದ್ದರು. ಮಗಳು, ಮೊಮ್ಮಗು, ಶೆಡ್ಡು, ಎಲ್ಲ ಆ ತಗ್ಗಿನಲ್ಲೇ ಇದೆ ಎಂದು ಅವರು ನಂಬಿದ್ದರು. ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು.

"ಈಶಾನ್ಯ ಮುಚ್ಚಿ ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ, ಯಾರು ಹೊಣೆ ಲಕ್ಕಮ್ಮ?"

"ಲಕ್ಕಮ್ಮನ ಹೆಸ್ರು ಹೇಳಿ" ಎಂದೆ. "ಇಷ್ಟು ದಿನ ಹೇಳ್ಲಿಲ್ವಾ?"

ಅವರು ಜೇಬಿನಿಂದ ಫೋನ್ ತೆಗೆದು ಗಾರೆ ಮೇಸ್ತ್ರಿಗೆ ಮಾಡಿದರು.